ಅವ್ವನ ಬೋರಿಗೆ 3 ಎಚ್‌ಪಿ ಸೋಲಾರ್: ಕೆಲಸದ ದಿನಚರಿ, ದುಡ್ಡಿನ ಲೆಕ್ಕ

ಬೋರು ಕೊರೆಸಿ ಹದಿನಾಲ್ಕು ತಿಂಗಳಾದರೂ ಅದರ ಬಾಯಿಗೆ ಮುಚ್ಚಳ ಬಿಗಿದೇ ಇತ್ತು. 380 ಅಡಿ. ಕೇಸಿಂಗ್ ಪೈಪು, ಲಾರಿಯವರ ಊಟ ಎಲ್ಲ ಸೇರಿ ಆಗಲೇ ಲಕ್ಷ ದಾಟಿತ್ತು. ನೀರು ಕೆಳಗೆ ಇದೆ, ಎತ್ತುವುದಕ್ಕೆ ಕರೆಂಟಿಲ್ಲ. ನಮ್ಮದು ಹನೂರು ತಾಲೂಕಿನ ಕಾಡಂಚಿನ ಹಳ್ಳಿ. ಹತ್ತಿರದ ಟಿಸಿ (ಟ್ರಾನ್ಸ್‌ಫಾರ್ಮರ್) ಹೊಲದಿಂದ 900 ಮೀಟರ್ ದೂರ. ಜಮೀನು ಅವ್ವನ ಹೆಸರಿನಲ್ಲಿ ಎರಡು ಎಕರೆ. ಅದರಲ್ಲಿ ರೇಷ್ಮೆ ಹುಳುವಿನ ಸೊಪ್ಪಿಗೆ ಮಳೆ ನಂಬಿದ ಅರ್ಧ ಎಕರೆ ಹಿಪ್ಪುನೇರಳೆ, ಉಳಿದದ್ದು ರಾಗಿ, ಮುಸುಕಿನ ಜೋಳ. ನಾನು ಕೊಳ್ಳೇಗಾಲದಲ್ಲಿ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಒಂಬತ್ತು ವರ್ಷ ಇದ್ದವನು. ಊರವರ ಮೋಟಾರನ್ನೆಲ್ಲ ಓಡಿಸಿಕೊಟ್ಟು, ಮನೆಯ ಬೋರಿಗೆ ಮುಚ್ಚಳ ಹಾಕಿ ಕೂತಿದ್ದೆ.

ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡಬೇಕು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಕರೆಂಟು ಬಿಲ್ಲಿಲ್ಲ. ಲೈನು ಇರುವವನು ಸಾಲ ಮಾಡಿ ಸೋಲಾರ್ ಹಾಕಿಸಿದರೆ ಏನೂ ಉಳಿಯುವುದಿಲ್ಲ, ಏಕೆಂದರೆ ಅವನು ಈಗಲೂ ಏನೂ ಕಟ್ಟುತ್ತಿಲ್ಲ. ರಾತ್ರಿ ಪಾಳಿಯ ತ್ರೀಫೇಸಿಗೆ ಟಾರ್ಚು ಹಿಡಿದು ಆನೆ ಇದೆಯೋ ಇಲ್ಲವೋ ನೋಡಿಕೊಂಡು ಹೋಗುವ ಕಷ್ಟ ತಪ್ಪುತ್ತದೆ, ಅದು ಬೇರೆ ಲೆಕ್ಕ. ದುಡ್ಡಿನ ಲೆಕ್ಕ ಕೂಡುವುದು ನಮ್ಮಂಥ, ಲೈನೇ ಇಲ್ಲದವರಿಗೆ. ನಾವು ಅರ್ಜಿ ಹಾಕಿದಾಗ ರಾಜ್ಯದಲ್ಲಿದ್ದ ಕ್ರಮವೂ ಹಾಗೇ ಇತ್ತು: ಲೈನಿನಿಂದ 500 ಮೀಟರ್ ಒಳಗಿದ್ದರೆ ಕಂಬ, ಆಚೆಗಿದ್ದರೆ ಸೋಲಾರ್. ಆ ಸೋಲಾರ್ ಯೋಜನೆಯ ಹೆಸರು ಪಿಎಂ ಕುಸುಮ್, ಅದರಲ್ಲಿ ‘ಬಿ’ ಭಾಗ. ಗ್ರಿಡ್ಡಿಗೆ ಸೇರದ, ಒಂಟಿ ನಿಲ್ಲುವ ಪಂಪು. 2019ರಲ್ಲಿ ಕೇಂದ್ರ ಇದನ್ನು ಶುರು ಮಾಡಿದಾಗ ಇದ್ದ ಪಾಲು ಕೇಂದ್ರ 30, ರಾಜ್ಯ 30, ರೈತ 40. ರೈತನ 40ರಲ್ಲಿ 30 ಬ್ಯಾಂಕಿನಿಂದ ಸಾಲ ತರಬಹುದು, 10 ಕೈಯಿಂದ ಹಾಕಬೇಕು ಎಂಬ ಲೆಕ್ಕ. ಆಮೇಲೆ ನಮ್ಮ ರಾಜ್ಯ ತನ್ನ ಪಾಲನ್ನು 50ಕ್ಕೆ ಏರಿಸಿತು. ಹಾಗಾಗಿ ನಮಗೆ ಉಳಿದದ್ದು 20.

ನೂರಕ್ಕೆ ಇಪ್ಪತ್ತೇ ಅಲ್ಲವೇ ಎಂದು ನಾನೂ ಅಂದುಕೊಂಡಿದ್ದೆ.

ಜೂನ್ 2024: ಡ್ರಮ್ಮು

ಅರ್ಜಿ ಹಾಕುವ ಮೊದಲೇ ಊರಿನ ಎಲ್ಲರದೂ ಒಂದೇ ಮಾತು: ‘5 ಎಚ್‌ಪಿಗೆ ಹಾಕ್ಬುಡು, ಸಬ್ಸಿಡಿ ಹೆಚ್ಚು ಸಿಕ್ತದೆ.’ ಕೆಲವರು 7.5 ಅಂದರು. ವೈಂಡಿಂಗ್ ಅಂಗಡಿಯಲ್ಲಿ ಸುಟ್ಟು ಬರುವ ಮೋಟಾರುಗಳಲ್ಲಿ ಎಷ್ಟೋ ಪಾಲು ಹೀಗೆ ಬೋರಿಗಿಂತ ದೊಡ್ಡ ಮೋಟಾರು ಇಳಿಸಿದವರದ್ದೇ. ನೀರು ಕಡಿಮೆ, ಎಳೆತ ಜಾಸ್ತಿ, ಒಣ ಓಟ, ಕಾಯಿಲ್ ಕಪ್ಪು.

ಬೋರು ಕೊರೆದ ದಿನ ಲಾರಿಯವನು ‘ಎರಡು ಇಂಚು ಐತೆ’ ಅಂದಿದ್ದ. ಕಂಪ್ರೆಸರ್ ಗಾಳಿ ಬಿಟ್ಟಾಗ ಚಿಮ್ಮುವ ನೀರು ಅದು, ಬೋರಿನಲ್ಲಿ ನಿಂತಿದ್ದದ್ದೂ ಸೇರಿ ಹೊರಗೆ ಬರುತ್ತದೆ. ಅದನ್ನು ನಂಬಿ ಸಾಲ ಮಾಡಬಾರದು. ಟ್ರ್ಯಾಕ್ಟರಿಗೆ ಜೋಡಿಸುವ ಜನರೇಟರು, ಒಂದು ಹಳೇ ಸಬ್‌ಮರ್ಸಿಬಲ್, ಪೈಪು ಎಲ್ಲ ಬಾಡಿಗೆಗೆ ತಂದೆ. 6,500 ರೂಪಾಯಿ ಆಯಿತು. ಅವ್ವ ನಾಲ್ಕು ದಿನ ಅದನ್ನೇ ಹೇಳಿದಳು. ಬೆಳಿಗ್ಗೆ 8ಕ್ಕೆ ಓಡಿಸಿ ಮಧ್ಯಾಹ್ನ 2ರವರೆಗೆ ಬಿಟ್ಟೆ. 200 ಲೀಟರಿನ ನೀಲಿ ಡ್ರಮ್ಮು ಪೈಪಿನ ಕೆಳಗಿಟ್ಟು, ಮೊಬೈಲಿನಲ್ಲಿ ಸಮಯ ಹಿಡಿದು, ಗಂಟೆಗೊಂದು ಸಲ ತುಂಬಿಸಿದ್ದು. ಮೊದಲ ಸಲ 80 ಸೆಕೆಂಡ್. ಎರಡನೇ ಸಲ 105. ಆಮೇಲೆ 124, 129, 130, 130. ನಿಂತಿತು. 130 ಸೆಕೆಂಡಿಗೆ 200 ಲೀಟರ್ ಅಂದರೆ ಗಂಟೆಗೆ 5,500ಕ್ಕೆ ಸ್ವಲ್ಪ ಮೇಲೆ. ಅದು ನಮ್ಮ ಬೋರಿನ ನಿಜವಾದ ಸಂಬಳ. 80 ಸೆಕೆಂಡಿನ ಲೆಕ್ಕ ಹಿಡಿದಿದ್ದರೆ 9,000 ಲೀಟರ್ ಎಂದು ಬೀಗುತ್ತಿದ್ದೆ.

ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಸೋಲಾರ್ ಪಂಪಿಗೆ ಒಂದು ಮಾನದಂಡ ಇಟ್ಟಿದೆ. ನೀರು ಎತ್ತಬೇಕಾದ ಒಟ್ಟು ಎತ್ತರ 70 ಮೀಟರ್ ಇದ್ದರೆ ಡಿಸಿ ಪಂಪು ಒಂದೊಂದು ವಾಟ್ ಪ್ಯಾನೆಲಿಗೆ ದಿನಕ್ಕೆ 14 ಲೀಟರ್ ಕೊಡಬೇಕು, ಒಳ್ಳೆ ಬಿಸಿಲಿನ ದಿನ. 50 ಮೀಟರಾದರೆ 21. ನಮ್ಮಲ್ಲಿ ಪಂಪು ಓಡುವಾಗ ನೀರು 200 ಅಡಿಗೆ ಇಳಿಯುತ್ತದೆ. ಅದಕ್ಕೆ ತೊಟ್ಟಿಯ ಎತ್ತರ, ಪೈಪಿನ ಎಳೆತ ಕೂಡಿಸಿ 70 ಹಿಡಿದೆ. 3 ಎಚ್‌ಪಿಗೆ 3,000 ವಾಟ್, ದಿನಕ್ಕೆ 42,000 ಲೀಟರ್. ಏಳು ಗಂಟೆ ಬಿಸಿಲಿಗೆ ಹಂಚಿದರೆ ಗಂಟೆಗೆ 6,000. ಬೋರು ಕೊಡುವುದು 5,500. ಜೋಡಿ ಸರಿಹೋಯಿತು. 5 ಎಚ್‌ಪಿಗೆ 4,800 ವಾಟ್, 67,200 ಲೀಟರ್, ಗಂಟೆಗೆ 9,600. ಅಷ್ಟು ನೀರು ನಮ್ಮ ಬೋರಿನಲ್ಲಿ ಇಲ್ಲವೇ ಇಲ್ಲ. ಇಲ್ಲದ ನೀರಿಗೆ ನಾನೇಕೆ ಪಾಲು ಕಟ್ಟಲಿ?

ಬೆಳೆಗೆ ಸಾಲುತ್ತದೆಯೇ ಎಂಬುದನ್ನೂ ನೋಡಿದೆ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ನಾಲ್ಕು ಸಾವಿರ ಲೀಟರ್ ಚಿಲ್ಲರೆ. ಕಡು ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಹಿಡಿದರೂ ಎಕರೆಗೆ 20,000. ಡ್ರಿಪ್ಪಿನಲ್ಲಿ ಒಂದೂವರೆ ಎಕರೆಗೆ ಧಾರಾಳ.

ಜುಲೈನಿಂದ ನವೆಂಬರ್: ಕಾಗದ, ಕಂತು

ಅರ್ಜಿ ಸೌರಮಿತ್ರ ಪೋರ್ಟಲ್ಲಿನಲ್ಲಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಬೋರಿನ ವಿವರ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸೈಬರ್ ಸೆಂಟರಿನ ಹುಡುಗ ಅರ್ಧ ಗಂಟೆಯಲ್ಲಿ ಮುಗಿಸಿದ. ಅಂತರ್ಜಲ ಅತಿಯಾಗಿ ಬಳಕೆಯಾದ ಪಟ್ಟಿಯಲ್ಲಿರುವ ಕಡೆ ಹೊಸ ಪಂಪಿಗೆ ಕೊಡುವುದಿಲ್ಲ, ಡೀಸೆಲ್ ಪಂಪಿನ ಬದಲಿಗಾದರೆ ಮಾತ್ರ ಎಂಬ ನಿಯಮವಿದೆ. ಅರ್ಜಿಗೆ ಮೊದಲು ನಿಮ್ಮ ಕಡೆ ಹೇಗೆಂದು ಕೇಳಿಕೊಳ್ಳಿ.

ಕಷ್ಟವಿದ್ದದ್ದು ದುಡ್ಡಿನ ಹೊತ್ತಿನಲ್ಲಿ. ನಮ್ಮ ಪಂಪಿನ ಒಟ್ಟು ಬೆಲೆ ಹತ್ತಿರ ಹತ್ತಿರ 2.4 ಲಕ್ಷ, ನಮ್ಮ ಪಾಲು 48,000. ಸಹಕಾರಿ ಸಾಲ ಕೇಳಿದೆ. ರಾಜ್ಯದಲ್ಲಿ ಸಹಕಾರಿ ಸಂಸ್ಥೆಗಳ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲಕ್ಕೆ ರೈತ ಕಟ್ಟುವ ಬಡ್ಡಿ ನೂರಕ್ಕೆ 3, ಹೊತ್ತಿಗೆ ಸರಿಯಾಗಿ ಕಟ್ಟಿದರೆ. 2023ರ ಬಜೆಟ್‌ನಲ್ಲಿ ಅದರ ಮಿತಿಯನ್ನು 15 ಲಕ್ಷಕ್ಕೆ ಏರಿಸಿದ್ದರು. ಇದಕ್ಕಿಂತ ಅಗ್ಗದ ದುಡ್ಡು ನಮ್ಮಂಥವರಿಗೆ ಎಲ್ಲೂ ಇಲ್ಲ. ಆದರೆ ಅದಕ್ಕೆ ಋಣಭಾರ ಪತ್ರ, ಬೇರೆ ಬ್ಯಾಂಕುಗಳಿಂದ ಬಾಕಿ ಇಲ್ಲವೆಂಬ ಚೀಟಿ, ಜಮೀನಿನ ಮೌಲ್ಯ, ಪಹಣಿಯ 11ನೇ ಕಾಲಂನಲ್ಲಿ ಸಾಲದ ನಮೂದು. ಒಂದು ಕಾಗದ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಅತ್ತ ರೈತರ ಪಾಲು ಕಟ್ಟುವುದಕ್ಕೆ ಕರೆ ಬಂದೇ ಬಿಟ್ಟಿತು.

ಮುಂದೆ ಮೂರು ದಾರಿ ಇದ್ದವು. ಒಂದು ಫೈನಾನ್ಸಿನವರು ಮನೆಗೇ ಬಂದು ಕೊಡುತ್ತೇವೆಂದರು, ತಿಂಗಳ ಕಂತು. ಅವ್ವನ ಸಂಘದಲ್ಲಿ ಸಿಗುತ್ತಿತ್ತು, ವಾರದ ಕಂತು. ಮೂರನೆಯದು ಅವ್ವನ ಸರ. ಅವಳೇ ಕತ್ತಿನಿಂದ ತೆಗೆದು ಮೇಜಿನ ಮೇಲಿಟ್ಟಳು. ‘ವಾರ ವಾರ ಕಟ್ಟಕ್ಕೆ ರೇಷ್ಮೆ ಗೂಡು ವಾರ ವಾರ ಬಂದದಾ? ದುಡ್ಡು ಯಾವಾಗ ಬತ್ತದೋ ಆವಾಗ ಇಸ್ಕೊಳೋರತ್ರ ತಗೊ ಮಗ.’

ಇಷ್ಟು ತಿಂಗಳು ನಾನು ಬಡ್ಡಿ ಎಷ್ಟು ಬಡ್ಡಿ ಎಷ್ಟು ಎಂದೇ ಕೇಳಿಕೊಂಡು ಓಡಾಡಿದ್ದೆ. ಕಂತು ಯಾವಾಗ ಎಂದು ಕೇಳಿದ್ದು ಅವ್ವ. ರಾಗಿ ಬೆಳೆಯುವವನ ಕೈಗೆ ವರ್ಷಕ್ಕೊಂದು ಸಲ ದುಡ್ಡು. ರೇಷ್ಮೆಯವನಿಗೆ ಎರಡು ಎರಡೂವರೆ ತಿಂಗಳಿಗೊಮ್ಮೆ. ತಿಂಗಳ ಕಂತಿನವನಿಗೆ ಇಬ್ಬರೂ ಒಂದೇ. ಗೂಡು ಮಾರುವುದಕ್ಕೆ ಮೊದಲೇ ಎರಡು ಕಂತು ಬಾಕಿ ಬಿದ್ದಿರುತ್ತದೆ, ಅದಕ್ಕೆ ದಂಡ, ದಂಡ ಕಟ್ಟಲು ಕೈಸಾಲ. ಊರಲ್ಲಿ ಪಂಪು ಕೆಟ್ಟು ಸೋತವರಿಗಿಂತ ಹೀಗೆ ಸೋತವರನ್ನು ಹೆಚ್ಚು ಕಂಡಿದ್ದೇನೆ.

ಸರ ಅಡ ಇಟ್ಟು 48,000 ಕಟ್ಟಿದೆ. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಐದು ತಿಂಗಳು ಇತ್ತು, 2,400 ಹೋಯಿತು. ಸಹಕಾರಿ ಸಾಲ 1 ಲಕ್ಷ ಮಂಜೂರಾದ ಮೇಲೆ ಮೊದಲು ಬಿಡಿಸಿದ್ದು ಸರವನ್ನೇ. ಐದು ವರ್ಷ, ಆರು ತಿಂಗಳಿಗೊಂದು ಕಂತು. ಕಂತಿಗೆ 10,000, ಮೊದಲ ಸಲದ ಬಡ್ಡಿ 1,500.

ಈಗ ಆ ‘ನೂರಕ್ಕೆ ಇಪ್ಪತ್ತೇ’ ಎಂಬ ಮಾತು. ನನ್ನ ನೋಟ್‌ಬುಕ್ಕಿನಲ್ಲಿ ಇರುವುದನ್ನು ಹಾಗೇ ಬರೆಯುತ್ತೇನೆ. ನಮ್ಮ ಪಾಲು 48,000. ಡ್ರಮ್ಮಿನ ಪರೀಕ್ಷೆ 6,500. ಬಿಲ್ಲಿನಲ್ಲಿದ್ದ ಪೈಪು, ಕೇಬಲ್ಲು ಸಾಲದೆ ತಂದದ್ದು 7,400. ಇಟ್ಟಿಗೆ ತೊಟ್ಟಿ 62,000. ಡ್ರಿಪ್ಪಿಗೆ 90% ಸಹಾಯಧನ ಇದ್ದರೂ ನಮ್ಮ ಕೈಯಿಂದ 11,000. ಪ್ಯಾನೆಲ್ ಸುತ್ತ ಬೇಲಿ 18,000. ಒಟ್ಟು 1,52,900. ಪಂಪಿನ ಪಾಲಿಗಿಂತ ಮೂರು ಪಟ್ಟು. ಸಬ್ಸಿಡಿ ಬೋರಿನ ಬಾಯಿಯ ತನಕ ಬರುತ್ತದೆ, ಅಲ್ಲಿಂದ ಗಿಡದ ಬುಡಕ್ಕೆ ನೀರು ಮುಟ್ಟಿಸುವುದು ನಮ್ಮ ಖರ್ಚು. ಬ್ಯಾಟರಿ ಇಲ್ಲದ ಪಂಪಿಗೆ ತೊಟ್ಟಿಯೇ ಬ್ಯಾಟರಿ. ಮೋಡದ ದಿನ ಪಂಪು ತೆವಳುತ್ತದೆ, ಆಗ ಡ್ರಿಪ್ಪಿಗೆ ಒತ್ತಡ ಸಾಲದು. 12 ಅಡಿ ಉದ್ದ, 10 ಅಡಿ ಅಗಲ, 5 ಅಡಿ ಎತ್ತರ, 17,000 ಲೀಟರ್ ಹಿಡಿಯುತ್ತದೆ. ಹೊಲದ ಎತ್ತರದ ಮೂಲೆಯಲ್ಲಿ ಕಟ್ಟಿಸಿದ್ದರಿಂದ ಬೇರೆ ಮೋಟಾರು ಬೇಕಾಗಿಲ್ಲ.

(ನಮ್ಮದೆಲ್ಲ ಮುಗಿದ ಮೇಲೆ, 2025ರ ಸೆಪ್ಟೆಂಬರ್ 22ರಿಂದ, ಸೋಲಾರ್ ಸಾಮಾನಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ನಮ್ಮ ಹಣೆಬರಹ.)

ಡಿಸೆಂಬರ್: ಕಂಬ, ಕಾಂಕ್ರೀಟು

ಕಂಪನಿಯವರು ಇಬ್ಬರು ಹುಡುಗರನ್ನು, ಒಂದು ಟೆಂಪೋ ಸಾಮಾನನ್ನು ಕಳಿಸಿದರು. 540 ವಾಟಿನ ಪ್ಯಾನೆಲ್ 6, ಒಟ್ಟು 3,240. ಎಲ್ಲವೂ ಒಂದೇ ಸರಣಿಯಲ್ಲಿ. ಅವರು ಗುರುತು ಹಾಕಿದ ಜಾಗಕ್ಕೆ ಮಧ್ಯಾಹ್ನ ಮೂರೂವರೆಗೇ ಹುಣಸೆಮರದ ನೆರಳು ಬೀಳುತ್ತಿತ್ತು. ‘ಒಂದು ಪ್ಯಾನೆಲ್ ತಾನೇ ಸಾರ್’ ಅಂದರು. ಸರಣಿಯಲ್ಲಿ ಒಂದು ಪ್ಯಾನೆಲ್ ಮಂಕಾದರೆ ಅದರೊಳಗಿನ ಡಯೋಡು ಅದನ್ನು ಬದಿಗಿಟ್ಟು ಉಳಿದದ್ದನ್ನು ಓಡಿಸುತ್ತದೆ, ಆದರೆ ವೋಲ್ಟೇಜು ಅಷ್ಟು ಕುಸಿಯುತ್ತದೆ. ಸಂಜೆ ಮೊದಲೇ ಬಿಸಿಲು ಕಡಿಮೆ. ಮರ ಕಡಿಯಲು ಅವ್ವ ಬಿಡಲಿಲ್ಲ, ನನಗೂ ಮನಸ್ಸಿರಲಿಲ್ಲ. ಕಂಬವನ್ನೇ 40 ಅಡಿ ಪೂರ್ವಕ್ಕೆ ಸರಿಸಿದೆವು. ಹೆಚ್ಚಿನ ಕೇಬಲ್ಲು ನಮ್ಮ ಖರ್ಚು.

ದಕ್ಷಿಣ ನೋಡಲು ಅವರು ಮೊಬೈಲಿನ ದಿಕ್ಸೂಚಿ ಹಿಡಿದಿದ್ದರು. ಕಬ್ಬಿಣದ ಕಂಬದ ಪಕ್ಕ ನಿಂತು ಹಿಡಿದರೆ ಅದು ಎಲ್ಲಿಗೋ ತಿರುಗುತ್ತದೆ. ನಾನು ಒಂದು ಗಳು ನೆಟ್ಟು, ಹನ್ನೊಂದೂವರೆಯಿಂದ ಒಂದರವರೆಗೆ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಮೊಳೆ ಹೊಡೆದೆ. ಅತಿ ಗಿಡ್ಡ ನೆರಳಿನ ಗೆರೆಯೇ ಉತ್ತರ ದಕ್ಷಿಣ. ನಾವು ಇರುವುದು 12 ಡಿಗ್ರಿ ಅಕ್ಷಾಂಶದಲ್ಲಿ, ವಾಲಿಕೆಯೂ ಅಷ್ಟರ ಆಸುಪಾಸಿನಲ್ಲಿ ಇಟ್ಟರೆ ಸಾಕು.

ಕಾಂಕ್ರೀಟು ಹಾಕಿದ ಮೂರನೇ ದಿನವೇ ಪ್ಯಾನೆಲ್ ಏರಿಸಲು ಬಂದರು. ವಾಪಸ್ ಕಳಿಸಿದೆ. ಗೋಣಿಚೀಲ ಸುತ್ತಿ ಏಳು ದಿನ ನೀರು ಹಾಕಿದ್ದು ಅವ್ವ. ಈ ಪ್ಯಾನೆಲ್ ಗಾಳಿಗೆ ಹಾಯಿಯಂತೆ ನಿಲ್ಲುತ್ತದೆ, ಏಪ್ರಿಲ್ಲಿನ ಮುಂಗಾರುಪೂರ್ವ ಗಾಳಿ ಬಂದಾಗ ಹಿಡಿದುಕೊಳ್ಳಬೇಕಾದ್ದು ಆ ಬುಡವೇ.

ಪಂಪು ಇಳಿಸುವ ದಿನ ಮಾತ್ರ ನನ್ನ ಕೈಗೆ ಕೆಲಸ ಸಿಕ್ಕಿತು. ಕೇಬಲ್ ಜಾಯಿಂಟನ್ನು ನಾನೇ ಮಾಡಿದೆ. ಮೂರು ತಂತಿಯನ್ನೂ ಒಂದೇ ಮಟ್ಟದಲ್ಲಿ ಸೇರಿಸದೆ ಹೆಚ್ಚು ಕಡಿಮೆ ಮಾಡಿ ಸೇರಿಸಿ, ಮೇಲೆ ಶ್ರಿಂಕ್ ತೋಳು (ಬಿಸಿ ತಾಗಿದರೆ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಎರಡು ಪದರ. 260 ಅಡಿಗೆ ಕೂರಿಸಿದೆವು, ಹತ್ತು ಅಡಿಗೊಂದು ಟೈ, ಸ್ಟೀಲ್ ಹಗ್ಗ ಬೇರೆ.

ಒಂದು ಹಳಹಳಿ ಇದೆ. ನಾನು ಆಯ್ದದ್ದು ಡಿಸಿ ಪಂಪು, ಅಂದರೆ ಒಳಗೆ ಕಾಯಂ ಅಯಸ್ಕಾಂತದ ಬ್ರಷ್ ಇಲ್ಲದ ಮೋಟಾರು. ಅದೇ ಬಿಸಿಲಿಗೆ ಎಸಿಗಿಂತ ಹೆಚ್ಚು ನೀರು ಕೊಡುತ್ತದೆ. ಆದರೆ ಕೆಟ್ಟರೆ ಕೊಳ್ಳೇಗಾಲದ ಅಂಗಡಿಯಲ್ಲಿ ರಿಪೇರಿ ಆಗುವಂಥದ್ದಲ್ಲ, ಅದನ್ನು ಓಡಿಸುವ ಪೆಟ್ಟಿಗೆ, ಅಂದರೆ ಕಂಪನಿಯ ಕಂಟ್ರೋಲರಿಲ್ಲದೆ ತಿರುಗುವುದೂ ಇಲ್ಲ. ಐದು ವರ್ಷ ನಿರ್ವಹಣೆ ಅವರದು. ಆರನೇ ವರ್ಷಕ್ಕೆ ಎಂದು ಅಂಚೆ ಕಚೇರಿಯಲ್ಲಿ ತಿಂಗಳಿಗೆ 500ರ ಆರ್‌ಡಿ ತೆರೆದಿದ್ದೇನೆ. ಅದಕ್ಕೆ ಅವ್ವ ಇಟ್ಟ ಹೆಸರು ‘ಮೋಟ್ರು ಹುಂಡಿ’.

ಏಪ್ರಿಲ್ 2025: ನಿಂತು ನಿಂತು ಓಡುವ ಪಂಪು

ಮೂರು ತಿಂಗಳು ತಕರಾರಿಲ್ಲ. ದಿನಕ್ಕೆ 30ರಿಂದ 34 ಸಾವಿರ ಲೀಟರ್, ನಮಗೆ ಅಷ್ಟು ಸಾಕು. ಹಳೇ ಅರ್ಧ ಎಕರೆ ಸೊಪ್ಪು ಚಿಗುರಿ ನಿಂತಿತು, 100 ಮೊಟ್ಟೆ ಚಾಕಿ, ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಗಳಿಂದ ಬಂದ ಮರಿಹುಳು ತಂದೆವು. ಹುಳು ಎರಡನೇ ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ದಾಟುವ ಹೊತ್ತಿಗೆ ಪಂಪು ಮಧ್ಯಾಹ್ನ ನಿಂತು ನಿಂತು ಓಡತೊಡಗಿತು. ಬೆಳಿಗ್ಗೆ ಸರಿ, ಸಂಜೆ ಸರಿ, 12ರಿಂದ 2ರವರೆಗೆ ಮಾತ್ರ ಹತ್ತು ನಿಮಿಷ ಓಟ, ನಿಲುಗಡೆ.

‘ಗಂಗವ್ವ ಇಳುದ್ಬುಟ್ಲು ಕಣಪ್ಪ’ ಅಂದಳು ಅವ್ವ. ನನಗೂ ಮೊದಲು ಹೊಳೆದದ್ದು ಅದೇ. ಬಿಸಿಲು ಜೋರಾದಾಗ ಪಂಪು ಜೋರು, ನೀರು ತಳ ಕಾಣುತ್ತದೆ, ಒಣ ಓಟದ ರಕ್ಷಣೆ ನಿಲ್ಲಿಸುತ್ತದೆ. ಆದರೆ ಹಾಗಾದರೆ ಕಂಟ್ರೋಲರ್ ‘ಡ್ರೈ ರನ್’ ಎಂದು ತೋರಿಸಿ ಬಹಳ ಹೊತ್ತು ಕಾಯುತ್ತದೆ. ಇದು ತೋರಿಸುತ್ತಿದ್ದದ್ದು ಕಡಿಮೆ ವೋಲ್ಟೇಜು, ಮತ್ತೆ ಒಂದೇ ನಿಮಿಷದಲ್ಲಿ ಶುರು. ಓಡುವಾಗ ಡ್ರಮ್ಮಿಟ್ಟು ನೋಡಿದೆ, ಅದೇ 130 ಸೆಕೆಂಡಿನ ಹತ್ತಿರ. ನೀರು ಇದೆ. ತೊಂದರೆ ಮೇಲೆ.

ಕಂಪನಿಗೆ ದೂರು ಕೊಟ್ಟೆ. ದೂರಿನ ನಂಬರು ಬಂತು, ‘ಎಂಜಿನಿಯರ್ ಬರ್ತಾರೆ’ ಬಂತು, ಎಂಜಿನಿಯರ್ ಬರಲಿಲ್ಲ. ಆರು ದಿನ. ಇನ್ನೆರಡು ದಿನಕ್ಕೆ ಹುಳು ನಾಲ್ಕನೇ ಜ್ವರಕ್ಕೆ, ಅದು ಎದ್ದ ಮೇಲೆ ಸೊಪ್ಪು ಮುಕ್ಕುವ ಹೊತ್ತು. ಈ ಗೂಡಿನಿಂದಲೇ ಮೊದಲ ಕಂತು ಹುಟ್ಟಬೇಕು. ನಾನೇ ಮುಟ್ಟಿದರೆ ವಾರಂಟಿ ಹೋಗುತ್ತದೆ, ಮುಟ್ಟದಿದ್ದರೆ ಬೆಳೆ ಹೋಗುತ್ತದೆ.

ಮೀಟರ್ ಹಿಡಿಯುವುದಕ್ಕೆ ಯಾರ ಅಪ್ಪಣೆಯೂ ಬೇಡವಲ್ಲ. ಐಸೊಲೇಟರ್ (ಪ್ಯಾನೆಲ್ಲಿನ ಕರೆಂಟು ಕಡಿಯುವ ಸ್ವಿಚ್ಚು) ಇಳಿಸಿ ಆರೂ ಪ್ಯಾನೆಲ್ಲಿನ ಒಟ್ಟು ವೋಲ್ಟೇಜು ನೋಡಿದೆ: 268. ಚಳಿಗಾಲದ ಬೆಳಿಗ್ಗೆ 297ರ ಹತ್ತಿರ ಇರುತ್ತದೆ, ಕಾದ ಪ್ಯಾನೆಲ್ಲಿಗೆ 268 ಸರಿಯೇ. ಹೊರೆ ಇಲ್ಲದಾಗ ಸರಿ, ಹೊರೆ ಬಿದ್ದಾಗ ಕುಸಿತ, ಅದೂ ಆಂಪಿಯರ್ ಹೆಚ್ಚಿದ ಮಧ್ಯಾಹ್ನ ಮಾತ್ರ. ವೈಂಡಿಂಗ್ ಅಂಗಡಿಯ ಮೊದಲ ಪಾಠ: ಎಲ್ಲೋ ಒಂದು ಸಡಿಲ ಜಾಯಿಂಟು ಬಿಸಿಯಾಗುತ್ತಿದೆ.

ಪ್ಯಾನೆಲ್ಲುಗಳ ಬೆನ್ನಿಗೆ ಹೋಗಿ ಒಂದೊಂದೇ ಎಂಸಿ4 ಕನೆಕ್ಟರನ್ನು, ಅಂದರೆ ಪ್ಯಾನೆಲ್ಲಿನ ತಂತಿಗಳನ್ನು ಜೋಡಿಸುವ ಪ್ಲಗ್ಗನ್ನು, ನೋಡುತ್ತಾ ಬಂದೆ. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವಿನದು ಕರಿ ಬಣ್ಣ ಬಿಟ್ಟು ಕಂದಾಗಿತ್ತು, ಒಂದು ಮಗ್ಗುಲು ಬೆಲ್ಲದಚ್ಚು ಕರಗಿದ ಹಾಗೆ ಜಾರಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಇಲ್ಲೊಂದು ಎಚ್ಚರಿಕೆ: ಪಂಪು ಓಡುವಾಗ ಎಂಸಿ4 ಎಳೆಯಬೇಡಿ. ಡಿಸಿ ಕಿಡಿ ಎಸಿಯಂತೆ ತಾನೇ ಆರುವುದಿಲ್ಲ, ಬಿಟ್ಟ ಬಾಯಲ್ಲಿ ಉರಿಯುತ್ತಲೇ ಇರುತ್ತದೆ. ಐಸೊಲೇಟರ್ ಇಳಿಸಿ, ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ಸೊನ್ನೆ ಎಂದು ನೋಡಿಕೊಂಡೇ ಬಿಚ್ಚಬೇಕು.

ಫೋಟೊ ತೆಗೆದು ಕಂಪನಿಯ ಹುಡುಗನ ವಾಟ್ಸಾಪಿಗೆ ಹಾಕಿದೆ. ಫೋನಿನಲ್ಲಿ ‘ನೀವೇ ಹಾಕ್ಕೊಳಿ ಅಣ್ಣ’ ಅಂದ. ಬಾಯಿಮಾತು ಬೇಡ, ಬರೆದು ಕಳಿಸು ಅಂದೆ. ಕಳಿಸಿದ. ಆ ಮೆಸೇಜನ್ನು ಪ್ರಿಂಟ್ ತೆಗೆದು ವಾರಂಟಿ ಕಾರ್ಡಿನ ಜೊತೆ ಇಟ್ಟಿದ್ದೇನೆ.

ಕನೆಕ್ಟರ್ ಸೀಳಿ ನೋಡಿದರೆ ಒಳಗಿನ ಪಿನ್ನನ್ನು ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿರಲಿಲ್ಲ, ಕಟಿಂಗ್ ಪ್ಲೇಯರಿನಲ್ಲಿ ಹಿಸುಕಿದ್ದರು. ಹಲ್ಲಿನ ಗುರುತು ಸ್ಪಷ್ಟವಾಗಿತ್ತು. ತಂತಿಯ ಅರ್ಧ ಎಳೆ ಹೊರಗೇ ಉಳಿದಿತ್ತು. ಹೊಸ ಜೋಡಿಗೆ 60 ರೂಪಾಯಿ, ಇಕ್ಕಳ ಹಳೇ ಅಂಗಡಿಯಿಂದ ಎರವಲು. ಕಪ್ಪಾದ ತಂತಿಯನ್ನು ಎರಡು ಇಂಚು ಕತ್ತರಿಸಿ ಹೊಳೆಯುವ ತಾಮ್ರ ಬಂದ ಮೇಲೆ ಒತ್ತಿದೆ, ಜಗ್ಗಿ ನೋಡಿದೆ, ‘ಟಕ್’ ಎಂದು ಕೂರಿಸಿದೆ. ಉಳಿದ ಕನೆಕ್ಟರುಗಳನ್ನೂ ಜಗ್ಗಿದೆ, ಇನ್ನೊಂದು ಕೈಗೇ ಬಂತು. ಅದನ್ನೂ ಬದಲಿಸಿದೆ. ಮಾರನೇ ದಿನ 12ರಿಂದ 2ರವರೆಗೆ ಪಂಪಿನ ಮುಂದೆಯೇ ಕೂತಿದ್ದೆ. ನಿಲ್ಲಲಿಲ್ಲ. ಎಂಜಿನಿಯರ್ ಬಂದದ್ದು ಹನ್ನೊಂದನೇ ದಿನ, ಸಹಿ ತೆಗೆದುಕೊಂಡು ಹೋದ.

ಆಮೇಲೆ

ಗೂಡು 61 ಕೆಜಿ ಆಯಿತು, ರಾಮನಗರದ ಗೂಡಿನ ಮಾರುಕಟ್ಟೆಗೆ ಹಾಕಿದೆವು. ಚಾಕಿ, ಕೂಲಿ, ಬಾಡಿಗೆ ಕಳೆದು ಕೈಗೆ ಉಳಿದದ್ದು 19,000 ಚಿಲ್ಲರೆ. ಕಂತಿನ 11,500 ಅವ್ವನೇ ಹೋಗಿ ಕಟ್ಟಿ, ರಸೀದಿಯನ್ನು ದೇವರ ಫೋಟೊ ಹಿಂದೆ ಸಿಕ್ಕಿಸಿದಳು. ಹೊಸದಾಗಿ ನೆಟ್ಟ ಇನ್ನರ್ಧ ಎಕರೆ ಸೊಪ್ಪು ಈಗ ಕೊಯ್ಲಿಗೆ ಬಂದಿದೆ. ಎರಡನೇ ಕಂತಿಗೆ ಒಂದು ಬೆಳೆಯ ಇಡೀ ದುಡ್ಡು ಮುಟ್ಟಬೇಕಾಗಿ ಬರಲಿಲ್ಲ, ಅರ್ಧದಲ್ಲೇ ಮುಗಿಯಿತು. ದರ ಬಿದ್ದರೆ ಈ ಲೆಕ್ಕ ಬದಲಾಗುತ್ತದೆ, ಅದು ಗೊತ್ತಿರುವುದೇ.

ಹೋದ ತಿಂಗಳು ಮೇಲಿನ ಹೊಲದ ಚಿಕ್ಕಪ್ಪ ಬಂದಿದ್ದರು. 7.5ಕ್ಕೆ ಅರ್ಜಿ ಹಾಕಬೇಕಂತೆ, ಫಾರಂ ತುಂಬಿಕೊಡು ಅಂದರು. ನಿಮ್ಮ ಬೋರು ಎಷ್ಟು ಕೊಡುತ್ತದೆ ಚಿಕ್ಕಪ್ಪ ಅಂದೆ. ‘ಎರಡಿಂಚು.’ ಯಾರು ಹೇಳಿದರು? ‘ಲಾರಿಯೋನು.’ ನೀಲಿ ಡ್ರಮ್ಮನ್ನು ಅವರ ಸ್ಕೂಟರಿನ ಹಿಂದೆ ಕಟ್ಟಿ ಕಳಿಸಿದೆ. ಇನ್ನೂ ವಾಪಸ್ ಬಂದಿಲ್ಲ.